ಬೆಲೆ ಯಾರನ್ನು ಕರೆಯುತ್ತದೆ?

ಒಂದು ಕೃತಿ ಯಾವ ಓದುಗನನ್ನು ಮನಸ್ಸಿನಲ್ಲಿ ಇರಿಸಿಕೊಂಡು ರಚಿತವಾಗಿದೆ ಎಂದು ಕೇಳುವುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ರೂಢಿಯಾದ ಪ್ರಶ್ನೆ. ಚಂಪೂಕಾವ್ಯ ಆಸ್ಥಾನದ ಪಂಡಿತನತ್ತ ಮುಖ ಮಾಡಿ ನಿಂತರೆ ರಗಳೆ, ಷಟ್ಪದಿಗಳು ಕೇಳುಗರ ದೊಡ್ಡ ಸಮುದಾಯದತ್ತ ತಿರುಗಿದವು ಎಂದು ಸಾಹಿತ್ಯಚರಿತ್ರೆಯ ತರಗತಿಯಲ್ಲಿ ಕೇಳಿದ್ದೇವೆ. ಇದೇ ಪ್ರಶ್ನೆಯನ್ನು ಪೇಟೆಯಲ್ಲಿ ಮಾರಾಟಕ್ಕಿಟ್ಟ ಸರಕಿನ ಬೆಲೆಯ ಬಗೆಗೂ ಕೇಳಬಹುದು. ಬೆಲೆಯೂ ಒಂದು ಸಂಬೋಧನೆ. ಅದು ಕೆಲವರನ್ನು ಹತ್ತಿರ ಕರೆಯುತ್ತದೆ, ಉಳಿದವರನ್ನು ಹೊಸ್ತಿಲಿನಾಚೆ ನಿಲ್ಲಿಸುತ್ತದೆ. ಈ ಮಾತು ಸ್ಪಷ್ಟವಾಗಿ ಕಾಣಸಿಗುವ ಒಂದು ಕ್ಷೇತ್ರವೆಂದರೆ ವಿಡಿಯೋ ಗೇಮ್ ಆಡುವ ಕನ್ಸೋಲ್ ಯಂತ್ರಗಳ ಮಾರುಕಟ್ಟೆ. ವಸತಿನಿಲಯದ ಕೋಣೆಗಳಲ್ಲಿ ನಿತ್ಯ ಚರ್ಚೆಯಾಗುವ ಈ ವಿಷಯವನ್ನು ವಿಭಾಗದ ಪತ್ರಿಕೆಯಲ್ಲಿಯೂ ಗಂಭೀರವಾಗಿ ಪರಿಶೀಲಿಸುವುದರಲ್ಲಿ ತಪ್ಪೇನೂ ಇಲ್ಲ ಎಂದು ಭಾವಿಸುತ್ತೇನೆ.

ನನ್ನ ವಾದ ಇಷ್ಟು: ಕನ್ಸೋಲ್ ತಯಾರಕರು ತಮ್ಮ ನಿಷ್ಠಾವಂತ ಆಟಗಾರರನ್ನು ನೆಚ್ಚಿಕೊಂಡೇ ಬೆಲೆ ನಿಗದಿ ಮಾಡುವ ದಾರಿ ಹಿಡಿದಿದ್ದಾರೆ. ಈ ದಾರಿ ಕೆಲವು ವರ್ಷ ಲಾಭ ತಂದೀತು. ಆದರೆ ನಿಷ್ಠಾವಂತ ಆಟಗಾರ ಹುಟ್ಟಿನಿಂದಲೇ ನಿಷ್ಠಾವಂತನಾಗಿರುವುದಿಲ್ಲ. ಎಂದೋ ಒಮ್ಮೆ ಕೈಗೆಟುಕುವ ಬೆಲೆಗೆ ಸಿಕ್ಕ ಯಂತ್ರದ ಮುಂದೆ ಕುಳಿತೇ ಅವನು ಅಥವಾ ಅವಳು ಹಾಗಾದದ್ದು. ಆ ಬಾಗಿಲು ಮುಚ್ಚಿದರೆ ಮುಂದಿನ ತಲೆಮಾರಿನ ನಿಷ್ಠಾವಂತರು ಎಲ್ಲಿಂದ ಬರಬೇಕು?

ಮೊದಲು ಈ ವ್ಯಾಪಾರದ ಒಳಗುಟ್ಟನ್ನು ತಿಳಿಯಬೇಕು. ಕನ್ಸೋಲ್ ಎಂಬುದು ಆಟಕ್ಕೆಂದೇ ರೂಪಿಸಿದ, ಬಾಗಿಲು ಮುಚ್ಚಿದ ಗಣಕಯಂತ್ರ. ಅದರಲ್ಲಿ ಯಾವ ಆಟ ನಡೆಯಬೇಕೆಂದು ನಿರ್ಧರಿಸುವ ಅಧಿಕಾರ ತಯಾರಕನದು. ಆದುದರಿಂದ ಯಂತ್ರವನ್ನು ಅಸಲಿಗೋ, ಕೆಲವೊಮ್ಮೆ ನಷ್ಟಕ್ಕೋ ಮಾರಿ, ಅನಂತರ ಮಾರಾಟವಾಗುವ ಪ್ರತಿಯೊಂದು ಆಟದ ಮೇಲೆ ಪಾಲು ಪಡೆದು ಆ ನಷ್ಟವನ್ನು ತುಂಬಿಕೊಳ್ಳುವುದು ಈ ಉದ್ಯಮದ ಬಹುಕಾಲದ ಪದ್ಧತಿ. ಅಂತರ್ಜಾಲದಲ್ಲಿ ಜೊತೆಗೂಡಿ ಆಡಲು ಕಟ್ಟಬೇಕಾದ ಚಂದಾ ಇತ್ತೀಚೆಗೆ ಇದಕ್ಕೆ ಸೇರಿಕೊಂಡಿದೆ. ಈ ಲೆಕ್ಕಾಚಾರದಲ್ಲಿ ನಿಷ್ಠಾವಂತ ಆಟಗಾರನ ಸ್ಥಾನ ವಿಶಿಷ್ಟವಾದುದು. ಯಂತ್ರ ಬಿಡುಗಡೆಯಾದ ದಿನವೇ ಸಾಲಿನಲ್ಲಿ ನಿಂತು ಕೊಳ್ಳುವವನು ಅವನೇ. ವರ್ಷಕ್ಕೆ ಹತ್ತಾರು ಆಟ ಕೊಂಡು ತಯಾರಕನ ನಷ್ಟ ತುಂಬುವವನೂ ಅವನೇ. ಸಂಬಳವಿಲ್ಲದೆ ಗೆಳೆಯರ ನಡುವೆ ಪ್ರಚಾರ ಮಾಡುವವನೂ ಅವನೇ. ಇಂಥವನು ಎಷ್ಟು ಬೆಲೆಯಾದರೂ ಕೊಡುತ್ತಾನೆ ಎಂಬ ಆಸೆ ತಯಾರಕನಿಗೆ ಮೂಡುವುದು ಸಹಜ.

ಆ ಆಸೆಗೆ ಬಿದ್ದವರ ಕಥೆ ಹಳೆಯದು. 1993ರಲ್ಲಿ ಟ್ರಿಪ್ ಹಾಕಿನ್ಸ್ ಎಂಬ ಉದ್ಯಮಿಯ ‘3ಡಿಒ’ ಯಂತ್ರ ಅಮೆರಿಕದಲ್ಲಿ ಸುಮಾರು 700 ಡಾಲರಿಗೆ ಮಾರಾಟಕ್ಕೆ ಬಂದಿತು. ಹಾಕಿನ್ಸ್ ಸಂಸ್ಥೆ ಯಂತ್ರವನ್ನು ತಾನೇ ತಯಾರಿಸದೆ ಪ್ಯಾನಸೋನಿಕ್‌ನಂಥ ಕಂಪನಿಗಳಿಗೆ ಪರವಾನಗಿ ಕೊಟ್ಟಿತ್ತು. ಆಟಗಳ ಮೇಲಿನ ಪಾಲು ಆ ಕಂಪನಿಗಳಿಗೆ ಸಿಗುತ್ತಿರಲಿಲ್ಲವಾದ್ದರಿಂದ ಅವು ಯಂತ್ರದ ಮಾರಾಟದಲ್ಲಿಯೇ ಲಾಭ ಕಾಣಬೇಕಾಯಿತು. ತಂತ್ರಜ್ಞಾನದಲ್ಲಿ ಮುಂದಿದ್ದ ಆ ಯಂತ್ರ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು.

ಎರಡು ವರ್ಷಗಳ ಅನಂತರ, 1995ರ ಮೇ ತಿಂಗಳಲ್ಲಿ, ಲಾಸ್ ಏಂಜಲೀಸ್‌ನಲ್ಲಿ ನಡೆದ ಮೊದಲ ‘ಇ3’ ಪ್ರದರ್ಶನದಲ್ಲಿ ಸೆಗಾ ಕಂಪನಿ ತನ್ನ ‘ಸ್ಯಾಟರ್ನ್’ ಯಂತ್ರದ ಬೆಲೆ 399 ಡಾಲರ್ ಎಂದು ಸಾರಿತು. ಅದೇ ದಿನ ವೇದಿಕೆಯೇರಿದ ಸೋನಿಯ ಅಧಿಕಾರಿ ಸ್ಟೀವ್ ರೇಸ್ ಉಚ್ಚರಿಸಿದ್ದು ಒಂದು ಸಂಖ್ಯೆಯನ್ನು ಮಾತ್ರ: 299. ಅಷ್ಟು ಹೇಳಿ ಅವರು ಕೆಳಗಿಳಿದರು, ಸಭೆ ಚಪ್ಪಾಳೆ ತಟ್ಟಿತು. ಕನ್ಸೋಲ್ ತಯಾರಿಕೆಗೆ ಆಗ ಹೊಸಬನಾಗಿದ್ದ ಸೋನಿ ತನ್ನ ‘ಪ್ಲೇಸ್ಟೇಷನ್’ ಯಂತ್ರದ ಮೂಲಕ ಹಳಬರನ್ನು ಹಿಂದಿಕ್ಕಿತು. ಆ ಗೆಲುವಿಗೆ ಬೆಲೆಯೊಂದೇ ಕಾರಣವಾಗಿರಲಿಲ್ಲ ಎಂಬುದು ನಿಜ. ಆಟಗಳನ್ನು ದುಬಾರಿ ಕಾರ್ಟ್ರಿಜ್ಜಿನ ಬದಲು ಅಗ್ಗದ ಸಿ.ಡಿ.ಗಳಲ್ಲಿ ಮಾರಿದ್ದೂ, ಆಟ ರಚಿಸುವ ಸಂಸ್ಥೆಗಳನ್ನು ಒಲಿಸಿಕೊಂಡದ್ದೂ ಅಷ್ಟೇ ಮುಖ್ಯವಾಗಿದ್ದವು. ಆದರೂ ಕನ್ಸೋಲನ್ನು ಎಂದೂ ಕೊಳ್ಳದಿದ್ದವರ ಕಿವಿಗೆ ಮೊದಲು ತಲುಪಿದ್ದು ಆ ಸಂಖ್ಯೆಯೇ.

ಹನ್ನೊಂದು ವರ್ಷಗಳ ಬಳಿಕ ಅದೇ ಸೋನಿ ತನ್ನದೇ ಪಾಠವನ್ನು ಮರೆಯಿತು. 2006ರ ನವೆಂಬರಿನಲ್ಲಿ ಬಂದ ‘ಪ್ಲೇಸ್ಟೇಷನ್ 3’ ಅಮೆರಿಕದಲ್ಲಿ 499 ಮತ್ತು 599 ಡಾಲರಿನ ಎರಡು ಮಾದರಿಗಳಲ್ಲಿ ದೊರೆಯಿತು. ಹೊಸ ‘ಸೆಲ್’ ಸಂಸ್ಕಾರಕ, ಆಗಷ್ಟೇ ಬಂದಿದ್ದ ಬ್ಲೂ-ರೇ ಡಿಸ್ಕಿನ ಸಾಧನ ಇವೆಲ್ಲ ಸೇರಿದ್ದರಿಂದ ಆ ಬೆಲೆಗೆ ಮಾರಿದರೂ ಕಂಪನಿಗೆ ನಷ್ಟವೇ ಆಗುತ್ತಿತ್ತು. ಯಂತ್ರ ಹೊರಬರುವ ಮೊದಲೇ ಪ್ಲೇಸ್ಟೇಷನ್‌ನ ಜನಕ ಕೆನ್ ಕುತರಗಿ, ಇನ್ನಷ್ಟು ಹೊತ್ತು ದುಡಿದಾದರೂ ಇದನ್ನು ಕೊಳ್ಳಬೇಕೆಂದು ಜನರಿಗೆ ಅನ್ನಿಸಬೇಕು ಎಂಬ ಅರ್ಥದ ಮಾತನ್ನಾಡಿದ್ದರು. ಆ ಮಾತಿನ ಎದುರಿಗೆ ನಿಂತಿದ್ದವನು ನಿಷ್ಠಾವಂತ ಆಟಗಾರನೊಬ್ಬನೇ. ಅದೇ ತಿಂಗಳು ನಿಂಟೆಂಡೊ ಕಂಪನಿಯ ‘ವೀ’ ಯಂತ್ರ 250 ಡಾಲರಿಗೆ ಮಾರುಕಟ್ಟೆಗೆ ಬಂದಿತು. ಶಕ್ತಿಯಲ್ಲಿ ಅದು ಪ್ಲೇಸ್ಟೇಷನ್ 3ರ ಹತ್ತಿರಕ್ಕೂ ಬರುವಂತಿರಲಿಲ್ಲ. ಆದರೆ ಕೈ ಬೀಸಿ ಆಡುವ ಅದರ ಟೆನಿಸ್ ಆಟವನ್ನು ಅಜ್ಜ ಅಜ್ಜಿಯರೂ ಆಡಬಹುದಾಗಿತ್ತು. ವೀ ಹತ್ತು ಕೋಟಿಗೂ ಹೆಚ್ಚು ಮನೆಗಳನ್ನು ಸೇರಿತು. ಸೋನಿಯ ಆಟಗಳ ವಿಭಾಗ ಆ ಹಣಕಾಸು ವರ್ಷದಲ್ಲಿ 23,000 ಕೋಟಿ ಯೆನ್‌ಗೂ ಮಿಕ್ಕ ನಷ್ಟ ಅನುಭವಿಸಿತು. 2009ರಲ್ಲಿ ಬೆಲೆ 299 ಡಾಲರಿಗೆ ಇಳಿದ ಮೇಲೆಯೇ ಪ್ಲೇಸ್ಟೇಷನ್ 3 ಚೇತರಿಸಿಕೊಂಡದ್ದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕಡಿಮೆ ಬೆಲೆಯೇ ಗೆಲುವಿನ ಮಂತ್ರವಾಗಿದ್ದರೆ ಸೆಗಾ ಕಂಪನಿಯ ‘ಡ್ರೀಮ್‌ಕಾಸ್ಟ್’ ಏಕೆ ಸೋತಿತು? 1999ರಲ್ಲಿ ಅದು ಅಮೆರಿಕದಲ್ಲಿ 199 ಡಾಲರಿಗೇ ಸಿಗುತ್ತಿತ್ತು, ಮರುವರ್ಷ ಇನ್ನೂ ಅಗ್ಗವಾಯಿತು. ನಿಷ್ಠಾವಂತರು ಇಂದಿಗೂ ಅದನ್ನು ಕೊಂಡಾಡುತ್ತಾರೆ. ಆದರೂ 2001ರ ಆರಂಭದಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟಿತು. ಇದಕ್ಕೆ ಉತ್ತರ ಕಷ್ಟವೇನಲ್ಲ. ಹಿಂದಿನ ಯಂತ್ರಗಳ ವಿಷಯದಲ್ಲಿ ಸೆಗಾ ಕೊಳ್ಳುವವರ ನಂಬಿಕೆಯನ್ನು ಕಳೆದುಕೊಂಡಿತ್ತು, ನಷ್ಟವನ್ನು ತಾಳಿಕೊಳ್ಳುವ ಬಂಡವಾಳವೂ ಅದರ ಬಳಿ ಉಳಿದಿರಲಿಲ್ಲ. ಅಗ್ಗದ ಬೆಲೆ ಬಾಗಿಲು ತೆರೆಯುತ್ತದೆ, ಒಳಗೆ ಬಂದವರನ್ನು ಉಳಿಸಿಕೊಳ್ಳಲು ನಂಬಿಕೆ ಬೇಕು.

ಆ ನಂಬಿಕೆಯ ಪರೀಕ್ಷೆ 2011ರಲ್ಲಿ ನಿಂಟೆಂಡೊಗೂ ಎದುರಾಯಿತು. ಕೈಯಲ್ಲಿ ಹಿಡಿದು ಆಡುವ ‘3ಡಿಎಸ್’ ಯಂತ್ರವನ್ನು ಅದು ಫೆಬ್ರವರಿಯಲ್ಲಿ ಜಪಾನಿನಲ್ಲಿ 25,000 ಯೆನ್‌ಗೆ, ಮುಂದಿನ ತಿಂಗಳು ಅಮೆರಿಕದಲ್ಲಿ 250 ಡಾಲರಿಗೆ ಬಿಡುಗಡೆ ಮಾಡಿತು. ನಿಷ್ಠಾವಂತರು ಕೊಂಡರು, ಉಳಿದವರು ಕೊಳ್ಳಲಿಲ್ಲ. ಆರು ತಿಂಗಳು ತುಂಬುವ ಮೊದಲೇ, ಆಗಸ್ಟಿನಲ್ಲಿ, ಬೆಲೆಯನ್ನು 15,000 ಯೆನ್‌ಗೂ 170 ಡಾಲರಿಗೂ ಇಳಿಸಬೇಕಾಯಿತು. ಕಂಪನಿಯನ್ನು ನಂಬಿ ಮೊದಲ ದಿನವೇ ಹಣ ತೆತ್ತವನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಯಾವುದಿದ್ದೀತು? ನಿಂಟೆಂಡೊ ಅಧ್ಯಕ್ಷ ಸಟೋರು ಇವಾಟಾ ಆ ಮುಖಭಂಗವನ್ನು ಒಪ್ಪಿಕೊಂಡರು. ಮೊದಲೇ ಕೊಂಡವರನ್ನು ‘ರಾಯಭಾರಿಗಳು’ ಎಂದು ಕರೆದು ಇಪ್ಪತ್ತು ಹಳೆಯ ಆಟಗಳನ್ನು ಉಚಿತವಾಗಿ ಕೊಡಿಸಿದರು, ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಯಂತ್ರ ಮುಂದೆ ಏಳೂವರೆ ಕೋಟಿಯಷ್ಟು ಮಾರಾಟವಾಯಿತು. ನಿಷ್ಠೆಗೆ ಕೃತಜ್ಞತೆ ಸಲ್ಲಿಸುವುದೂ, ಹೊಸಬರಿಗೆ ಬೆಲೆ ಇಳಿಸುವುದೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಇನ್ನೊಂದು ಆಕ್ಷೇಪ ಹೆಚ್ಚು ಬಲವುಳ್ಳದ್ದು. ಹಣದುಬ್ಬರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 1995ರ 299 ಡಾಲರ್ ಇಂದಿನ ಸುಮಾರು 600 ಡಾಲರಿಗೆ ಸಮ, 2006ರ 599 ಡಾಲರ್ ಇಂದಿನ 900 ಡಾಲರಿಗೂ ಹೆಚ್ಚು. ಹಾಗಿರುವಾಗ 2025ರ ಜೂನಿನಲ್ಲಿ 450 ಡಾಲರಿಗೆ ಬಂದ ‘ನಿಂಟೆಂಡೊ ಸ್ವಿಚ್ 2’ ದುಬಾರಿ ಎನ್ನುವುದು ಹೇಗೆ? 2024ರ ನವೆಂಬರಿನಲ್ಲಿ 700 ಡಾಲರಿಗೆ ಬಂದ ‘ಪ್ಲೇಸ್ಟೇಷನ್ 5 ಪ್ರೊ’ ಯಂತ್ರವಾದರೂ, ಸಾಮಾನ್ಯ ಮಾದರಿಯನ್ನು ಪಕ್ಕದಲ್ಲಿರಿಸಿಕೊಂಡೇ, ಬೇಕಾದವರು ಮಾತ್ರ ಕೊಳ್ಳಲಿ ಎಂದು ಇಟ್ಟದ್ದು. ಈ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಹೆಚ್ಚಿನ ಸೊಗಸನ್ನು ಬಯಸುವವನು ಹೆಚ್ಚು ಹಣ ಕೊಡುವುದರಲ್ಲಿ ಅನ್ಯಾಯವಿಲ್ಲ. ಬಿಡುಗಡೆಯ ದಿನದ ಬೆಲೆಗಿಂತ, ಆ ದಿನದ ಅನಂತರ ಏನಾಗುತ್ತದೆ ಎಂಬುದು ನನ್ನನ್ನು ಕಾಡುವ ಸಂಗತಿ.

ಹಿಂದೆ ಕನ್ಸೋಲಿನ ಬೆಲೆ ಮೆಟ್ಟಿಲಿನಂತೆ ಇಳಿಯುತ್ತಿತ್ತು. ‘ಪ್ಲೇಸ್ಟೇಷನ್ 2’ ಅಮೆರಿಕದಲ್ಲಿ 2000ದಲ್ಲಿ 299 ಡಾಲರ್ ಇದ್ದದ್ದು 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, 2009ರಲ್ಲಿ 99 ಡಾಲರಿಗೆ ಇಳಿಯಿತು. ಆತುರವಿದ್ದವನು ಮೊದಲ ಮೆಟ್ಟಿಲಲ್ಲಿ ಕೊಂಡ, ತಾಳ್ಮೆಯಿದ್ದವನು ಮೂರನೆಯದರಲ್ಲಿ ಕೊಂಡ, ಕೈಯಲ್ಲಿ ಕಾಸಿಲ್ಲದವನೂ ಕೊನೆಯ ಮೆಟ್ಟಿಲಿಗೆ ಕಾದು ನಿಲ್ಲಬಹುದಾಗಿತ್ತು. ಹದಿನೈದು ಕೋಟಿಗೂ ಮಿಕ್ಕು ಮಾರಾಟವಾಗಿ ಆ ಯಂತ್ರ ದಾಖಲೆ ನಿರ್ಮಿಸಿದ್ದು ಹೀಗೆ. ಭಾರತದ ಪಾಲಿಗೂ ಆ ಕೊನೆಯ ಮೆಟ್ಟಿಲುಗಳೇ ಮುಖ್ಯವಾದವು. ಶ್ರೀಮಂತ ದೇಶಗಳು ಪ್ಲೇಸ್ಟೇಷನ್ 3ರತ್ತ ಸಾಗಿದ್ದ 2009ರಲ್ಲಿ ನಮ್ಮ ದೇಶದಲ್ಲಿಯೇ ರೂಪುಗೊಂಡ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟ ಬಂದದ್ದು ಹಳೆಯ ಪ್ಲೇಸ್ಟೇಷನ್ 2ಕ್ಕೆ. ಕಬಡ್ಡಿ, ಚಿನ್ನಿದಾಂಡುಗಳನ್ನು ಪರದೆಗೆ ತಂದ ‘ದೇಸಿ ಅಡ್ಡಾ’ ಬಂದದ್ದೂ ಆ ಯಂತ್ರಕ್ಕೇ. ಆ ಆಟಗಳ ಗುಣಮಟ್ಟದ ಬಗೆಗೆ ಏನೇ ಹೇಳಲಿ, ಬೆಲೆ ಇಳಿದು ಹೊಸ ನೆಲವನ್ನು ಮುಟ್ಟಿದಾಗ ಆ ನೆಲದ ಕಥೆಗಳೂ ಯಂತ್ರದೊಳಗೆ ಪ್ರವೇಶ ಪಡೆದವು ಎಂಬುದನ್ನು ಅಲ್ಲಗಳೆಯಲಾಗದು.

ಇಂದು ಆ ಮೆಟ್ಟಿಲು ತಲೆಕೆಳಗಾಗಿದೆ. 2020ರಲ್ಲಿ ಜಪಾನಿನಲ್ಲಿ ತೆರಿಗೆ ಸೇರಿ 54,978 ಯೆನ್‌ಗೆ ಬಂದ ‘ಪ್ಲೇಸ್ಟೇಷನ್ 5’ 2024ರ ಸೆಪ್ಟೆಂಬರಿನ ಹೊತ್ತಿಗೆ 79,980 ಯೆನ್‌ಗೆ ಏರಿತ್ತು. 2022ರಲ್ಲಿ ಯುರೋಪಿನಲ್ಲಿ ಬೆಲೆ ಏರಿದಾಗ ಅಮೆರಿಕ ಪಾರಾಗಿತ್ತು, 2025ರ ಆಗಸ್ಟಿನಲ್ಲಿ ಅಲ್ಲಿಯೂ 50 ಡಾಲರ್ ಏರಿತು. ಮೈಕ್ರೋಸಾಫ್ಟ್ ಕಂಪನಿಯ ‘ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್’ 2020ರಲ್ಲಿ 500 ಡಾಲರ್ ಇದ್ದದ್ದು 2025ರ ಮೇ ತಿಂಗಳಲ್ಲಿ 600, ಅಕ್ಟೋಬರಿನಲ್ಲಿ 650 ಡಾಲರ್ ಆಯಿತು. ಭಾರತಕ್ಕೆ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿಯೂ ಅನಂತರ 54,990 ರೂಪಾಯಿಗೆ ಏರಿತು. ಕಾರಣಗಳಿಲ್ಲದೆ ಇಲ್ಲ. ಹಿಂದೆ ಚಿಪ್ಪುಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಅಗ್ಗವಾಗುತ್ತಿದ್ದವು, ಈಗ ಕಿರಿದಾಗಿಸುವ ಕೆಲಸವೇ ದುಬಾರಿಯಾಗಿದೆ. ಯೆನ್ ದುರ್ಬಲವಾಗಿದೆ, ಅಮೆರಿಕ ಆಮದು ಸುಂಕ ಹೇರಿದೆ. ಆದರೆ ಕಾರಣ ಯಾವುದಾದರೂ ಪರಿಣಾಮ ಒಂದೇ. ಐದು ವರ್ಷ ಕಾದವನು ಮೊದಲ ದಿನ ಕೊಂಡವನಿಗಿಂತ ಹೆಚ್ಚು ತೆರಬೇಕಾಗಿದೆ. ಕಾಯುವುದು ಬಡವನ ಕೈಯಲ್ಲಿದ್ದ ಏಕೈಕ ರಿಯಾಯಿತಿಯಾಗಿತ್ತು. ಅದು ರದ್ದಾದುದರ ಬಗೆಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ, ಏಕೆಂದರೆ ಗಟ್ಟಿಯಾಗಿ ಮಾತನಾಡಬಲ್ಲ ನಿಷ್ಠಾವಂತರೆಲ್ಲ ಮೊದಲೇ ಕೊಂಡು ಮುಗಿಸಿದ್ದಾರೆ.

ಸ್ವಿಚ್ 2ರ ಮಾರಾಟದಲ್ಲಿ ಇನ್ನೂ ಎರಡು ಕುತೂಹಲದ ಸಂಗತಿಗಳಿವೆ. ಮೊದಲನೆಯದು ನಿಷ್ಠೆಯನ್ನು ಅಳೆದ ಬಗೆ. ಜಪಾನಿನಲ್ಲಿ ಕಂಪನಿ ತನ್ನದೇ ಅಂಗಡಿಯಲ್ಲಿ ಯಂತ್ರವನ್ನು ಚೀಟಿ ಎತ್ತಿ ಹಂಚಿತು. ಅದರಲ್ಲಿ ಹೆಸರು ಕೊಡಬೇಕಾದರೆ ಹಳೆಯ ಸ್ವಿಚ್‌ನಲ್ಲಿ ಕನಿಷ್ಠ 50 ಗಂಟೆ ಆಡಿರಬೇಕು, ಒಟ್ಟು ಒಂದು ವರ್ಷವಾದರೂ ಚಂದಾದಾರನಾಗಿರಬೇಕು ಎಂದು ನಿಬಂಧನೆಯಿತ್ತು. ಆದರೂ 22 ಲಕ್ಷ ಜನ ಅರ್ಜಿ ಹಾಕಿದರು. ಕೊಂಡು ಹೆಚ್ಚು ಬೆಲೆಗೆ ಮಾರುವ ದಲ್ಲಾಳಿಗಳನ್ನು ದೂರವಿಡಲು ಇದು ಒಳ್ಳೆಯ ಉಪಾಯ. ನಿಷ್ಠಾವಂತನಿಗೆ ಸಾಲಿನಲ್ಲಿ ಮುಂದಿನ ಸ್ಥಾನ ಕೊಡುವುದು ಅವನಿಂದ ಹೆಚ್ಚು ಹಣ ಕೀಳುವುದಕ್ಕಿಂತ ಎಷ್ಟೋ ಪಾಲು ಮೇಲು ಎಂದೇ ನನ್ನ ಅಭಿಪ್ರಾಯ.

ಎರಡನೆಯ ಸಂಗತಿ ಭಾಷೆಗೆ ಸಂಬಂಧಿಸಿದ್ದು. ಗಡಿಯಾಚೆಯ ಕನ್ನಡ ವಿಭಾಗದಲ್ಲಿ ಓದುವ ನಮ್ಮ ಗಮನವನ್ನು ಅದು ಸೆಳೆಯಲೇಬೇಕು. 2025ರಲ್ಲಿ ಬಿಡುಗಡೆಯಾದಾಗ ಜಪಾನಿನಲ್ಲಿ ಸ್ವಿಚ್ 2ಕ್ಕೆ ಎರಡು ಬೆಲೆಗಳಿದ್ದವು. ಜಪಾನಿ ಭಾಷೆಯಲ್ಲಿ ಮಾತ್ರ ಕೆಲಸ ಮಾಡುವ, ಜಪಾನಿನ ಖಾತೆಗಳಿಗಷ್ಟೇ ಹೊಂದುವ ಯಂತ್ರಕ್ಕೆ 49,980 ಯೆನ್. ಹಲವು ಭಾಷೆಗಳ ಯಂತ್ರಕ್ಕೆ 69,980 ಯೆನ್. ಒಳಗಿನ ಚಿಪ್ಪು, ಪರದೆಗಳಲ್ಲಿ ವ್ಯತ್ಯಾಸವಿಲ್ಲ. 2025ರ ನವೆಂಬರಿನಲ್ಲಿ ಸೋನಿಯೂ ಇದೇ ದಾರಿ ಹಿಡಿದು, ಡಿಸ್ಕ್ ಸಾಧನವಿಲ್ಲದ ಪ್ಲೇಸ್ಟೇಷನ್ 5ರ ಜಪಾನಿ ಭಾಷೆಯ ಮಾದರಿಯನ್ನು 55,000 ಯೆನ್‌ಗೆ ತಂದಿತು. ಆವರೆಗಿನ ಬೆಲೆ 72,980 ಯೆನ್ ಆಗಿತ್ತು. ಯೆನ್ ದುರ್ಬಲವಾಗಿರುವಾಗ ಹೊರದೇಶದವರು ಅಗ್ಗದ ಯಂತ್ರಗಳನ್ನು ಬಾಚಿಕೊಂಡು ಹೋಗದಂತೆ ಭಾಷೆಯನ್ನೇ ಬೇಲಿಯಾಗಿ ನೆಟ್ಟಿದ್ದಾರೆ.

ಇದನ್ನು ಹೇಗೆ ನೋಡಬೇಕು? ತನ್ನ ನುಡಿಯವರಿಗೆ, ಅವರ ಗಳಿಕೆಗೆ ತಕ್ಕ ಬೆಲೆಗೆ ಸರಕನ್ನು ತಲುಪಿಸುವ ಕಾಳಜಿ ಇದರಲ್ಲಿದೆ. ಜಪಾನಿನ ಶಾಲಾಬಾಲಕನನ್ನು ಉದ್ದೇಶಿಸಿ, ಈ ಯಂತ್ರ ನಿನಗೂ ಎಟುಕಬೇಕು ಎಂದು ಆ ಬೆಲೆ ಹೇಳಿತು. ಅದೇ ಸಮಯದಲ್ಲಿ ಜಪಾನಿನಲ್ಲಿಯೇ ನೆಲೆಸಿ, ಅಲ್ಲಿಯೇ ದುಡಿದು, ಮನೆಯಲ್ಲಿ ಬೇರೊಂದು ನುಡಿಯಾಡುವ ಕುಟುಂಬಕ್ಕೆ ಆ ಬೆಲೆ ಬೇರೆಯದನ್ನೇ ಹೇಳಿತು: ನಿಮ್ಮ ಮಾತು ಬೇಕಾದರೆ ಇನ್ನೂ 20,000 ಯೆನ್ ಕೊಡಿ. ಒಂದು ರಾಜ್ಯದಲ್ಲಿದ್ದು ಇನ್ನೊಂದು ನುಡಿಯಲ್ಲಿ ಬದುಕುವ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದುಬಾರಿಯ ಆ ಬಹುಭಾಷಾ ಯಂತ್ರದ ಪಟ್ಟಿಯಲ್ಲಿಯೂ ಕನ್ನಡವಿಲ್ಲ. ಕನ್ನಡದ ಮಕ್ಕಳು ಆಟದ ಯಂತ್ರವನ್ನು ಇನ್ನೊಂದು ಭಾಷೆಯ ಮೂಲಕವೇ ಪ್ರವೇಶಿಸಬೇಕಾಗಿದೆ. ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವವರಿರುವ ಭಾಷೆಗೆ ಯಂತ್ರದಲ್ಲಿ ಜಾಗ ಸಿಗುತ್ತದೆ, ಬೆಲೆ ಎಟುಕಿದರೆ ಕೊಳ್ಳುವವರ ಸಂಖ್ಯೆ ಬೆಳೆಯುತ್ತದೆ. ಹೀಗೆ ಬೆಲೆಯ ಪ್ರಶ್ನೆ ಸುತ್ತಿ ಬಳಸಿ ಭಾಷೆಯ ಪ್ರಶ್ನೆಯೂ ಆಗುತ್ತದೆ.

ಹಾಗಾದರೆ ಕನ್ಸೋಲ್ ತಯಾರಕರು ಮಾಡಬೇಕಾದುದೇನು? ನನಗೆ ಮೂರು ಸಂಗತಿಗಳು ಮುಖ್ಯವೆನಿಸುತ್ತವೆ. ಸೊಗಸಿನ ಮಾದರಿಗೆ ಎಷ್ಟಾದರೂ ಬೆಲೆ ಇಡಲಿ, ಆದರೆ ವರ್ಷ ಕಳೆದಂತೆ ಅಗ್ಗವಾಗುವ ಸರಳ ಮಾದರಿಯೊಂದನ್ನು ಉಳಿಸಿಕೊಳ್ಳಲಿ. ಚಿಪ್ಪು ಅಗ್ಗವಾಗದಿದ್ದರೆ ಹಳೆಯ ತಲೆಮಾರಿನ ಯಂತ್ರವನ್ನೇ ಇನ್ನಷ್ಟು ಕಾಲ ತಯಾರಿಸಿ ಅದಕ್ಕೆ ಹೊಸ ಆಟಗಳನ್ನು ಕೊಡಲಿ. ಪ್ಲೇಸ್ಟೇಷನ್ 2 ಹನ್ನೆರಡು ವರ್ಷ ಬಾಳಿದ್ದು ಹಾಗೆಯೇ. ಎರಡನೆಯದಾಗಿ, ನಿಷ್ಠಾವಂತರಿಗೆ ಸಲ್ಲಬೇಕಾದ ಗೌರವ ಸಾಲಿನಲ್ಲಿ ಮುಂದಿನ ಸ್ಥಾನವಾಗಿ, ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿಯೂ ಆಡುವ ಅವಕಾಶವಾಗಿ, ಬೆಲೆ ಇಳಿದಾಗ ಸಿಗುವ ಪರಿಹಾರವಾಗಿ ಸಲ್ಲಲಿ. ಮೂರನೆಯದಾಗಿ, ಭಾಷೆಯ ಬೇಲಿ ಹಾಕುವುದಾದರೆ ಆ ದೇಶದಲ್ಲಿ ನೆಲೆಸಿದ ಅನ್ಯಭಾಷಿಕರಿಗೆ ಒಂದು ಬಾಗಿಲು ಇರಲಿ. ವಾಸದ ದಾಖಲೆ ತೋರಿಸಿದವರಿಗೆ ಅದೇ ಬೆಲೆಗೆ ತಮ್ಮ ನುಡಿಯ ಯಂತ್ರ ಸಿಗುವಂತೆ ಮಾಡುವುದು ಇಷ್ಟೆಲ್ಲ ತಂತ್ರಜ್ಞಾನ ಬಲ್ಲ ಕಂಪನಿಗಳಿಗೆ ಅಸಾಧ್ಯವೇನಲ್ಲ.

ನಿಷ್ಠಾವಂತ ಆಟಗಾರರಲ್ಲಿಯೂ ಒಂದು ವಿನಂತಿ ಇದೆ. ಬೆಲೆ ಏರಿದಾಗ, ಕೊಳ್ಳಲಾಗದವರು ಸುಮ್ಮನಿರಲಿ ಎನ್ನುವ ದನಿ ಅವರ ನಡುವಿನಿಂದಲೇ ಆಗಾಗ ಕೇಳಿಬರುತ್ತದೆ. ದುಬಾರಿ ಯಂತ್ರ ತಮ್ಮ ಬಳಿ ಇರುವುದೇ ನಿಷ್ಠೆಯ ಗುರುತು ಎಂದು ಅವರು ಭಾವಿಸುವಂತಿದೆ. ತಾವು ಯಾವ ವಯಸ್ಸಿನಲ್ಲಿ, ಯಾರು ಕೊಡಿಸಿದ, ಎಷ್ಟನೆಯ ಮೆಟ್ಟಿಲಿನ ಬೆಲೆಯ ಯಂತ್ರದಲ್ಲಿ ಮೊದಲ ಆಟ ಆಡಿದೆವು ಎಂದು ಅವರು ನೆನಪಿಸಿಕೊಂಡರೆ ಸಾಕು. ಇಂದು ಹತ್ತು ವರ್ಷದ ಹುಡುಗಿಯೊಬ್ಬಳು ಅಂಗಡಿಯ ಗಾಜಿನಾಚೆಯೇ ಉಳಿದರೆ, ಇನ್ನು ಹತ್ತು ವರ್ಷಗಳ ಬಳಿಕ ಹೊಸ ಯಂತ್ರಕ್ಕಾಗಿ ಚೀಟಿ ಎತ್ತುವಾಗ 50 ಗಂಟೆ ಆಡಿದವರ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ.